ಒಂದರ ಮರೆಯಲ್ಲಿ ಇನ್ನೊಂದು
(ಬಾನುಲಿ ಭಾಷಣದ ಬರಹ ರೂಪ)



ಬೆಂಗಳೂರಿನಿಂದ ಪಡುವಣಕ್ಕೆ, ಮಾಗಡಿಯತ್ತ ಹೊರಟ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯವನ್ನು ದಾಟಿ ಮುಂದೆ ಹೋದರೆ ಸುಂಕದಕಟ್ಟೆ ಎಂಬ ಊರು ಸಿಗುತ್ತದೆ. ಊರೆಂದೆ, ಅದು ನಗರದೊಳಗೆ ಸೇರಿಹೋಗಿ ಎಷ್ಟೋ ಕಾಲವಾಯಿತು. ಹೆಸರು ಮಾತ್ರ ಹಳೆಯದು. ಬಂದ ಗಾಡಿಯನ್ನು ನಿಲ್ಲಿಸಿ, ಹೇರನ್ನು ಬಿಚ್ಚಿ ನೋಡಿ, ಸುಂಕ ಕಟ್ಟಿಸಿಕೊಂಡು ಬಿಡುವ ಕಟ್ಟೆ ಎಂದು ಅದರ ಅರ್ಥ. ಈಗ ಅಲ್ಲಿ ಗಾಡಿಯನ್ನು ನಿಲ್ಲಿಸಿ ಕೇಳುವವರಿಲ್ಲ. ಸಣ್ಣ ಸಣ್ಣ ಯಂತ್ರದ ಅಂಗಡಿಗಳು, ಬೆಳಿಗ್ಗೆ ಎಂಟಕ್ಕೆಲ್ಲ ಹೊಲಿಗೆ ಕಾರ್ಖಾನೆಗೆ ಓಡುವ ಹೆಂಗಸರು, ಮಾಗಡಿ ಕುಣಿಗಲ್ ಕಡೆಯಿಂದ ಬಂದು ಎರಡು ಕೋಣೆಯ ಬಾಡಿಗೆ ಮನೆಗಳಲ್ಲಿ ನೆಲೆಸಿದ ಸಂಸಾರಗಳು, ಇಷ್ಟು ಸೇರಿದರೆ ಸುಂಕದಕಟ್ಟೆ. ಅಲ್ಲಿ ನಾನು ಮಕ್ಕಳ ವೈದ್ಯನಾಗಿ ಹಲವು ವರ್ಷ ಕೆಲಸ ಮಾಡಿದ್ದೇನೆ. ಈ ಹೊತ್ತು ಹೇಳಹೊರಟಿರುವುದು ಅಲ್ಲಿಯ ಒಂದು ಮಗುವಿನ ಸಂಗತಿ; ಅದರ ಜೊತೆಗೆ ನಾನು ಮಾಡಿದ ಒಂದು ತಪ್ಪಿನ ಸಂಗತಿ.

ಹುಡುಗಿಯನ್ನು ಮೊದಲು ಕಂಡಾಗ ಅವಳಿಗೆ ಆರು ವರ್ಷ. ತಂದೆಗೆ ಪೀಣ್ಯದಲ್ಲಿ ಲೇತ್ ಕೆಲಸ, ತಾಯಿಗೆ ಗಾರ್ಮೆಂಟ್ಸಿನಲ್ಲಿ ಹೊಲಿಗೆ. ಎರಡು ವಾರಗಳಿಂದ ಮಗು ಚೊಂಬುಗಟ್ಟಲೆ ನೀರು ಕುಡಿಯುತ್ತಿತ್ತು. ಎಂದೋ ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ರೂಢಿ ಮರಳಿತ್ತು. ಮೈ ಇಳಿದು ಹೋಗಿತ್ತು. ಮಕ್ಕಳಲ್ಲಿ ಕಾಣುವ, ಒಂದನೆಯ ಬಗೆಯೆಂದು ನಾವು ಕರೆಯುವ ಸಕ್ಕರೆ ಕಾಯಿಲೆ ಅದು. ದೊಡ್ಡವರಿಗೆ ಬರುವ ಸಕ್ಕರೆ ಕಾಯಿಲೆಗೂ ಇದಕ್ಕೂ ಹೆಸರಿನ ನಂಟು ಬಿಟ್ಟರೆ ಹೆಚ್ಚಿನ ನಂಟಿಲ್ಲ. ಸಿಹಿ ತಿಂದು ಬಂದದ್ದಲ್ಲ, ಸೋಮಾರಿತನದಿಂದ ಬಂದದ್ದೂ ಅಲ್ಲ. ರೋಗಾಣುಗಳನ್ನು ಕೊಲ್ಲಬೇಕಾದ ದೇಹದ ಕಾವಲುಪಡೆಯೇ ಮೇದೋಜೀರಕ ಗ್ರಂಥಿಯಲ್ಲಿರುವ, ಇನ್ಸುಲಿನ್ ತಯಾರಿಸುವ ಕಣಗಳ ಮೇಲೆ ಬಿದ್ದು ಅವನ್ನು ಹಾಳುಮಾಡುತ್ತದೆ. ತನ್ನನ್ನು ತಾನೇ ಹಗೆಯೆಂದು ಬಗೆಯುವ ಇಂಥ ಕಾಯಿಲೆಗಳಿಗೆ ಸ್ವಪ್ರತಿರಕ್ಷಾ ರೋಗಗಳೆಂದು ಹೆಸರು; ವೈದ್ಯರ ಬಾಯಲ್ಲಿ ಆಟೋ ಇಮ್ಯೂನ್. ಕರ್ನಾಟಕದಲ್ಲಿ ಇದೇನೂ ಕೇಳರಿಯದ ಕಾಯಿಲೆಯಲ್ಲ. 1995ರಿಂದ 2008ರವರೆಗೆ ನಡೆದ ಕರ್ನಾಟಕ ಮಧುಮೇಹ ದಾಖಲಾತಿಯ ಪ್ರಕಾರ ವರ್ಷಕ್ಕೆ ಲಕ್ಷ ಗಂಡುಮಕ್ಕಳಲ್ಲಿ 3.7, ಲಕ್ಷ ಹೆಣ್ಣುಮಕ್ಕಳಲ್ಲಿ 4 ಮಂದಿಗೆ ಇದು ಹೊಸದಾಗಿ ಕಾಣಿಸಿಕೊಳ್ಳುತ್ತಿತ್ತು.

ಆ ತಾಯಿ ಸೂಜಿ ಹಾಕುವುದನ್ನು ಎರಡೇ ದಿನದಲ್ಲಿ ಕಲಿತಳು. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಮಣ್ಣಿನ ಕುಡಿಕೆಯೊಂದನ್ನು ನೀರು ತುಂಬಿದ ಅಗಲ ಪಾತ್ರೆಯಲ್ಲಿ ಕೂರಿಸಿ, ಮೇಲೆ ಒದ್ದೆ ಬಟ್ಟೆ ಹೊದಿಸಿ, ಇನ್ಸುಲಿನ್ ಸೀಸೆಯನ್ನು ಒಳಗಿಟ್ಟು ತಂಪಾಗಿ ಕಾಪಾಡಿದಳು. ಒಂದು ನೂರು ಪುಟದ ಪುಸ್ತಕದಲ್ಲಿ ದಿನವೂ ಬೆಳಿಗ್ಗೆ, ಸಂಜೆ ಸಕ್ಕರೆಯ ಅಂಕಿಗಳನ್ನು ಬರೆದಿಡುತ್ತಿದ್ದಳು. ಆಹಾರದ ವಿಷಯ ಬಂದಾಗ ನಾನು ಎಲ್ಲರೂ ಹೇಳುವ ಮಾತನ್ನೇ ಹೇಳಿದೆ: “ನೋಡಮ್ಮ, ಅನ್ನ ಕಡಿಮೆ ಮಾಡು, ಮುದ್ದೆ ಒಂದು ಹೊತ್ತಿಗೆ ಸಾಕು. ಚಪಾತಿ ಕೊಡು.” ನಮ್ಮ ಪಟ್ಟಣಗಳಲ್ಲಿ ಸಕ್ಕರೆ ಕಾಯಿಲೆಯೆಂದರೆ ಚಪಾತಿ ಎಂಬುದು ಒಂದು ಮಂತ್ರವಾಗಿದೆ. ಆ ಮಂತ್ರವನ್ನು ಯಾರು ಯಾವಾಗ ಉಪದೇಶಿಸಿದರೋ! ಕುಣಿಗಲ್ಲಿನ ರಾಗಿಯಲ್ಲಿ ಬೆಳೆದ ಸಂಸಾರ ಅಂದಿನಿಂದ ಗೋಧಿ ಹಿಟ್ಟು ಕಲಸಲು ತೊಡಗಿತು.

ಮೂರು ವರ್ಷ ಚೆನ್ನಾಗಿಯೇ ನಡೆಯಿತು. ಒಂಬತ್ತನೆಯ ವಯಸ್ಸಿನಲ್ಲಿ ತೊಂದರೆ ಶುರುವಾಯಿತು. ಏರಬೇಕಾದ ಸಕ್ಕರೆ ಇಳಿಯತೊಡಗಿತು. ಊಟವಾದ ಒಂದು ಗಂಟೆಗೆಲ್ಲ ಮಗು ಬೆವೆತು ನಡುಗುವುದು. ಶಾಲೆಯಲ್ಲಿ ಒಮ್ಮೆ ಪ್ರಜ್ಞೆ ತಪ್ಪಿ ಬಿದ್ದದ್ದೂ ಉಂಟು. ಹಾಕುತ್ತಿದ್ದ ಇನ್ಸುಲಿನ್ ಅಷ್ಟೇ, ಉಣ್ಣುತ್ತಿದ್ದ ಊಟವೂ ಅಷ್ಟೇ ಎಂದು ಪುಸ್ತಕ ಹೇಳುತ್ತಿತ್ತು. ನಾನು ಪುಸ್ತಕವನ್ನು ನಂಬಲಿಲ್ಲ. ಕೆಲಸದ ಅವಸರದಲ್ಲಿ ತಾಯಿ ಅಳತೆ ತಪ್ಪುತ್ತಿದ್ದಾಳೆ, ಇಲ್ಲವೇ ಊಟ ಕೊಡದೆ ಓಡುತ್ತಿದ್ದಾಳೆ ಎಂದು ತೀರ್ಮಾನಿಸಿದೆ. ಹೊರಗೆ ಕಾದು ಕುಳಿತಿದ್ದವರಿಗೂ ಕೇಳಿಸುವಂತೆ ಗದರಿದೆ. ಆಕೆ ತಲೆ ತಗ್ಗಿಸಿ, “ಅಳತೆ ತಪ್ಪಿಲ್ಲ ಸಾರ್. ಬೇಕಾದ್ರೆ ಮನೆಗೆ ಬಂದು ನೋಡಿ” ಎಂದಳು. ನಾನು ಇನ್ಸುಲಿನ್ನನ್ನು ಎರಡು ಯೂನಿಟ್ ಇಳಿಸಿ ಕಳುಹಿಸಿದೆ. ಮುಂದಿನ ತಿಂಗಳು ಮತ್ತೆ ಎರಡು. ಇನ್ಸುಲಿನ್ ಬೇಡಿಕೆ ಕಾರಣವಿಲ್ಲದೆ ಇಳಿಯುತ್ತಿದ್ದರೆ ಅದನ್ನು ಗೆಲುವೆಂದು ತಿಳಿಯಬಾರದೆಂದು ಪಠ್ಯಪುಸ್ತಕದಲ್ಲಿ ನಾನು ಓದಿದ್ದೆ. ಓದಿದ್ದು ನೆನಪಿಗೆ ಬರಲಿಲ್ಲ.

ನೆನಪಿಸಿದವಳು ಆ ತಾಯಿಯೇ. ಮೂರನೆಯ ಸಲ ಬಂದಾಗ ಸಮವಸ್ತ್ರದ ಲಂಗದ ಅಂಚನ್ನು ತಿರುವಿ ತೋರಿಸಿದಳು. “ಸಾರ್, ಬೆಳೆಯೋ ಮಗು ಅಂತ ಹೊಲಿಯುವಾಗ ಒಳಗೆ ನಾಲ್ಕು ಬೆರಳು ಮಡಿಸಿಟ್ಟಿದ್ದೆ. ಎರಡು ವರ್ಷ ಆಯ್ತು, ಒಂದು ಸಲಾನೂ ಬಿಚ್ಚಿಲ್ಲ.” ಬಟ್ಟೆಯ ಕೆಲಸ ಬಲ್ಲವಳ ಲೆಕ್ಕ ಅದು. ಆ ವಯಸ್ಸಿನ ಮಗು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯಬೇಕು. ಗೋಡೆಗೆ ನಿಲ್ಲಿಸಿ ಅಳೆದೆ. ಎರಡು ವರ್ಷಕ್ಕೆ ಸೇರಿ ನಾಲ್ಕೂ ಆಗಿರಲಿಲ್ಲ. ಪ್ರತಿ ತಿಂಗಳೂ ಸಕ್ಕರೆಯನ್ನು ನೋಡುತ್ತಿದ್ದ ನಾನು ಮಗುವಿನ ಎತ್ತರವನ್ನು ನೋಡಿರಲಿಲ್ಲ.

ಆಗ ಕೇಳಬೇಕಾದ್ದನ್ನೆಲ್ಲ ಕೇಳಿದೆ. ಮಲಬದ್ಧತೆ ಉಂಟು, ಚರ್ಮ ಒಣಗುತ್ತದೆ, ಬೇಸಿಗೆಯಲ್ಲೂ ಹೊದಿಕೆ ಬೇಕೆನ್ನುತ್ತದೆ. ಕತ್ತಿನಲ್ಲಿ ಥೈರಾಯಿಡ್ ಗ್ರಂಥಿ ತುಸು ದಪ್ಪವಾಗಿತ್ತು. ರಕ್ತಪರೀಕ್ಷೆ ಅದನ್ನೇ ಸಮರ್ಥಿಸಿತು. 1912ರಲ್ಲಿ ಜಪಾನಿನ ಹಶಿಮೊಟೊ ಎಂಬ ವೈದ್ಯರು ವರ್ಣಿಸಿದ ಕಾಯಿಲೆ ಅದು: ಕಾವಲುಪಡೆ ಥೈರಾಯಿಡಿನ ಮೇಲೂ ತಿರುಗಿಬಿದ್ದಿತ್ತು. ಥೈರಾಯಿಡ್ ಮಂದವಾದರೆ ಬೆಳವಣಿಗೆ ನಿಲ್ಲುತ್ತದೆ, ಸಕ್ಕರೆ ಇಳಿಯುವುದೂ ಹೆಚ್ಚುತ್ತದೆ. ಒಂದು ಮಾತ್ರೆಯಿಂದ ಸರಿಹೋಗುವ ಕಾಯಿಲೆ. ಚೀಟಿ ಬರೆಯಲು ಪೆನ್ನು ತೆಗೆದವನು, ಹಿರಿಯ ಗೆಳೆಯರೊಬ್ಬರಿಗೆ ಫೋನು ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಅಡ್ರಿನಲ್ ನೋಡಿದಿರಾ?”

ಆ ಪ್ರಶ್ನೆಯನ್ನು ತುಸು ಬಿಡಿಸಿ ಹೇಳಬೇಕು. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಿಟ್ಟಂತೆ ಕೂತಿರುವ ಎರಡು ಪುಟ್ಟ ಗ್ರಂಥಿಗಳೇ ಅಡ್ರಿನಲ್. ಇವು ಸೋತಾಗ ಬರುವ ರೋಗವನ್ನು 1855ರಲ್ಲಿ ಲಂಡನ್ನಿನ ಥಾಮಸ್ ಅಡಿಸನ್ ವಿವರಿಸಿದರು. 1926ರಲ್ಲಿ ಜರ್ಮನಿಯ ಶ್ಮಿಟ್ ಎಂಬ ರೋಗಶಾಸ್ತ್ರಜ್ಞರು ಸತ್ತ ಇಬ್ಬರ ದೇಹಗಳಲ್ಲಿ ಅಡ್ರಿನಲ್ ಮತ್ತು ಥೈರಾಯಿಡ್ ಎರಡೂ ಒಟ್ಟಿಗೆ ಹಾಳಾಗಿದ್ದುದನ್ನು ಕಂಡರು. 1964ರಲ್ಲಿ ಆ ಜೋಡಿಗೆ ಸಕ್ಕರೆ ಕಾಯಿಲೆಯೂ ಸೇರುತ್ತದೆಂದು ಗೊತ್ತಾಯಿತು. ಅಡ್ರಿನಲ್ ಒಳಗೊಳಗೇ ಸೋತಿರುವ ಮಗುವಿಗೆ ಅದನ್ನು ತಿಳಿಯದೆ ಥೈರಾಯಿಡ್ ಮಾತ್ರೆ ಕೊಟ್ಟರೆ, ಚುರುಕುಗೊಂಡ ದೇಹ ಉಳಿದಿದ್ದ ಅಲ್ಪಸ್ವಲ್ಪ ಕಾರ್ಟಿಸಾಲನ್ನೂ ಖರ್ಚುಮಾಡಿಬಿಡುತ್ತದೆ. ಮಗುವಿನ ಜೀವಕ್ಕೇ ಸಂಚಕಾರ ಬರಬಹುದು. ಇನ್ಸುಲಿನ್ ಬೇಡಿಕೆ ಇಳಿಯುವುದೂ ಅಡಿಸನ್ ರೋಗದ ಒಂದು ಲಕ್ಷಣವೇ. ಬೆಳಿಗ್ಗೆ ಎಂಟು ಗಂಟೆಗೆ ರಕ್ತ ತೆಗೆಸಿದೆ. ಆ ದಿನ ಸಂಜೆಯವರೆಗೆ ನಾನು ನೆಮ್ಮದಿಯಾಗಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಅಡ್ರಿನಲ್ ಗಟ್ಟಿಯಾಗಿತ್ತು. ಮಾತ್ರೆ ಶುರುವಾಯಿತು.

ಮಗು ಗೆಲುವಾಯಿತು, ಆದರೆ ಪೂರ್ತಿಯಾಗಿ ಅಲ್ಲ. ಸಕ್ಕರೆ ಇಳಿಯುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಕಬ್ಬಿಣದ ಮಾತ್ರೆಯನ್ನು ಎಷ್ಟು ತಿಂಗಳು ಕೊಟ್ಟರೂ ರಕ್ತಹೀನತೆ ಹೋಗಲಿಲ್ಲ. ಹೊಟ್ಟೆ ಉಬ್ಬರ ಆಗಾಗ. ಆಗಲೇ ಸಿಲಿಯಾಕ್ ರೋಗದ ಪ್ರತಿಕಾಯಗಳನ್ನು ಹುಡುಕುವ ರಕ್ತಪರೀಕ್ಷೆ ಮಾಡಿಸಿದ್ದು. ಅದು ಉತ್ತರದವರ ಕಾಯಿಲೆ, ನಮ್ಮಲ್ಲಿಲ್ಲ ಎಂಬ ಭಾವನೆ ನನ್ನಲ್ಲೂ ಇತ್ತು. ಪರೀಕ್ಷೆ ಬೇರೆಯದೇ ಹೇಳಿತು. ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ ಸಣ್ಣ ಕರುಳಿನ ಒಂದು ಚೂರನ್ನು ತೆಗೆದು ನೋಡಿದರು. ಆರೋಗ್ಯದ ಕರುಳಿನ ಒಳಮೈ ಟರ್ಕಿ ಟವೆಲ್ಲಿನ ಹಾಗೆ ಎಳೆ ಎಳೆಯಾಗಿರುತ್ತದೆ. ಉಂಡದ್ದನ್ನು ಹೀರಿಕೊಳ್ಳುವುದು ಆ ಎಳೆಗಳೇ. ಈ ಮಗುವಿನಲ್ಲಿ ಅವು ಸವೆದು ಚಪ್ಪಟೆಯಾಗಿದ್ದವು. ಊಟ ಹೊಟ್ಟೆಗೆ ಹೋಗುತ್ತಿತ್ತು, ರಕ್ತಕ್ಕೆ ಸೇರುತ್ತಿರಲಿಲ್ಲ. ಹಾಕಿದ ಇನ್ಸುಲಿನ್ ಮಾತ್ರ ತನ್ನ ಕೆಲಸವನ್ನು ತಪ್ಪದೆ ಮಾಡುತ್ತಿತ್ತು. ತಾಯಿಯ ಪುಸ್ತಕದಲ್ಲಿದ್ದ ಒಂದೊಂದು ಅಂಕಿಯೂ ನಿಜವಾಗಿತ್ತು.

ಒಂದೇ ಮಗುವಿಗೆ ಮೂರು ಕಾಯಿಲೆ ಏಕೆ? ಪಾಪ, ಹಣೆಬರಹ ಎನ್ನುವವರುಂಟು. ಇಲ್ಲಿ ನನಗೆ ನಮ್ಮ ಊರಿನ ಹೆಸರೇ ನೆರವಿಗೆ ಬರುತ್ತದೆ. ನಮ್ಮ ಎದೆಮೂಳೆಯ ಹಿಂದೆ, ಗುಂಡಿಗೆಯ ಮೇಲ್ಗಡೆ, ಥೈಮಸ್ ಎಂಬ ಗ್ರಂಥಿಯಿದೆ. ಮಕ್ಕಳಲ್ಲಿ ದೊಡ್ಡದು, ವಯಸ್ಸಾದಂತೆ ಕುಗ್ಗುತ್ತದೆ. ಕಾವಲಿಗೆ ಹೊರಡುವ ಒಂದು ಜಾತಿಯ ಬಿಳಿ ರಕ್ತಕಣಗಳು ಈ ಕಟ್ಟೆಯಲ್ಲಿ ತಪಾಸಣೆಯಾಗಿಯೇ ಹೊರಗೆ ಹೋಗಬೇಕು. ಇನ್ಸುಲಿನ್ನಿನ ಮಾದರಿ, ಥೈರಾಯಿಡಿನ ಮಾದರಿ, ಹೀಗೆ ದೇಹದ ಬೇರೆ ಬೇರೆ ಅಂಗಗಳ ಸರಕಿನ ಮಾದರಿಯನ್ನು ಥೈಮಸ್ ಅಲ್ಲಿ ಮುಂದಿಟ್ಟು ತೋರಿಸುತ್ತದೆ. ಯಾವ ಕಣ ಅದನ್ನು ಕಂಡು ಮೇಲೆ ಬೀಳುತ್ತದೋ ಅದನ್ನು ಅಲ್ಲಿಯೇ ಮುಗಿಸಲಾಗುತ್ತದೆ. ಈ ಮಾದರಿಗಳನ್ನು ಮುಂದಿಡಿಸುವ ಒಂದು ಜೀನನ್ನು 1997ರಲ್ಲಿ ಗುರುತಿಸಿದರು. ಅದಕ್ಕೆ ಏರ್ ಎಂದು ಹೆಸರು. ಆ ಒಂದು ಜೀನು ಕೆಟ್ಟು ಹುಟ್ಟಿದ ಮಕ್ಕಳಲ್ಲಿ ಚಿಕ್ಕಂದಿನಲ್ಲೇ ಒಂದಾದ ಮೇಲೊಂದರಂತೆ ಗ್ರಂಥಿಗಳು ಹಾಳಾಗುತ್ತವೆ. ಫಿನ್‌ಲೆಂಡ್, ಸಾರ್ಡೀನಿಯಾಗಳಲ್ಲಿ ತುಸು ಹೆಚ್ಚಾಗಿ ಕಾಣುವ, ಉಳಿದೆಡೆ ತೀರ ಅಪರೂಪದ ಕಾಯಿಲೆ ಅದು. ಕಟ್ಟೆಯ ತಪಾಸಣೆಯೇ ತಪ್ಪಿದರೆ ಹಾನಿ ಒಂದು ಅಂಗಕ್ಕೆ ನಿಲ್ಲುವುದಿಲ್ಲವೆಂಬುದನ್ನು ಆ ಮಕ್ಕಳಿಂದ ವೈದ್ಯಲೋಕ ಕಲಿಯಿತು.

ನನ್ನ ಹುಡುಗಿಯದು ಅಷ್ಟು ಘೋರವಾದ ಬಗೆಯಲ್ಲ. ಅವಳಂಥ ಬಹುಪಾಲು ಮಕ್ಕಳಲ್ಲಿ ಇರುವುದು ಎಚ್.ಎಲ್.ಎ. ಎಂಬ ಜೀನುಗಳ ಗುಂಪಿನ ಒಂದೆರಡು ಬಗೆಗಳು. ಕಾವಲು ಕಣಗಳಿಗೆ ಸರಕನ್ನು ಎತ್ತಿ ತೋರಿಸುವ ತಟ್ಟೆಗಳೆಂದು ಇವನ್ನು ಭಾವಿಸಬಹುದು. ಒಂದು ಆಕಾರದ ತಟ್ಟೆಯಲ್ಲಿ ಇನ್ಸುಲಿನ್ನಿನ ಚೂರು ಕೂಡ, ಗೋಧಿಯ ಅಂಟಿನ ಚೂರು ಕೂಡ ಹಗೆಯ ಹಾಗೆ ಕಾಣಿಸಿಬಿಡಬಹುದು. ಸಕ್ಕರೆ ಕಾಯಿಲೆಗೆ ದಾರಿಮಾಡುವ ಬಗೆಗಳೇ ಸಿಲಿಯಾಕ್ ರೋಗಕ್ಕೂ ಥೈರಾಯಿಡ್, ಅಡಿಸನ್ ರೋಗಗಳಿಗೂ ಬಹುಮಟ್ಟಿಗೆ ದಾರಿಮಾಡುತ್ತವೆ. ಆದ್ದರಿಂದ ಇವು ಮೂರು ದುರದೃಷ್ಟಗಳಲ್ಲ. ಒಂದೇ ಬೇರಿನ ಮೂರು ಚಿಗುರು. ಒಂದನೆಯ ಬಗೆಯ ಸಕ್ಕರೆ ಕಾಯಿಲೆಯಿರುವ ಮಕ್ಕಳಲ್ಲಿ ನಾಲ್ಕೈದರಲ್ಲಿ ಒಬ್ಬರ ರಕ್ತದಲ್ಲಿ ಥೈರಾಯಿಡಿನ ಮೇಲೆ ತಿರುಗಿದ ಪ್ರತಿಕಾಯಗಳು ಸಿಗುತ್ತವೆ. ಚಂಡೀಗಢದ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಬಗೆಯ ಸಕ್ಕರೆ ಕಾಯಿಲೆಯಿದ್ದವರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಸಿಲಿಯಾಕ್ ರೋಗವೂ ಇತ್ತು.

ಹಾಗಾದರೆ ದಕ್ಷಿಣದಲ್ಲಿ? ಬಿ. ಎಸ್. ರಾಮಕೃಷ್ಣ ಅವರೂ ಸಂಗಡಿಗರೂ ದೇಶದ ಮೂರು ಭಾಗಗಳಲ್ಲಿ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಸಿಲಿಯಾಕ್ ಪ್ರತಿಕಾಯಗಳು ಉತ್ತರದಲ್ಲಿ ನೂರಕ್ಕೆ 1.23 ಮಂದಿಯಲ್ಲಿ, ದಕ್ಷಿಣದಲ್ಲಿ ನೂರಕ್ಕೆ 0.10 ಮಂದಿಯಲ್ಲಿ, ಎಂದರೆ ಸಾವಿರಕ್ಕೊಬ್ಬರಲ್ಲಿ ಮಾತ್ರ ಸಿಕ್ಕವು. ಸೋಜಿಗವೆಂದರೆ ರೋಗಕ್ಕೆ ದಾರಿಮಾಡುವ ಜೀನುಗಳು ಎಲ್ಲ ಕಡೆಯೂ ಸರಿಸುಮಾರು ಒಂದೇ ಪ್ರಮಾಣದಲ್ಲಿ, ಮೂವರಲ್ಲಿ ಒಬ್ಬರಿಗಿದ್ದವು. ಬೇರೆಯಾಗಿದ್ದುದು ತಟ್ಟೆಯ ಮೇಲಿನ ಊಟ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ಉಂಡರೆ ದಕ್ಷಿಣದವರು ಉಂಡದ್ದು 25 ಗ್ರಾಂ.

ಆ ಅಂಕಿಗಳನ್ನು ಓದಿದ ರಾತ್ರಿ ನನಗೆ ನನ್ನ ಚೀಟಿ ನೆನಪಾಯಿತು: “ಮುದ್ದೆ ಒಂದು ಹೊತ್ತಿಗೆ ಸಾಕು. ಚಪಾತಿ ಕೊಡು.” ಚಪಾತಿಯೇ ಕಾಯಿಲೆಯನ್ನು ತಂದಿತೆಂದು ನಾನು ಹೇಳಲಾರೆ. ಬೇಕರಿಯ ಬನ್ನು, ಬಿಸ್ಕತ್ತು, ಬೆಳಗಿನ ಉಪ್ಪಿಟ್ಟುಗಳ ಮೂಲಕ ಗೋಧಿ ಆ ಮಗುವಿಗೆ ಮೊದಲೂ ಸಿಗುತ್ತಿತ್ತು. ಸಿಲಿಯಾಕ್ ಯಾವ ಮಗುವಿನಲ್ಲಿ ಯಾವಾಗ ಎಚ್ಚರಗೊಳ್ಳುತ್ತದೆಂದು ಮೊದಲೇ ಹೇಳಬಲ್ಲವರಿಲ್ಲ. ಆದರೆ ದಿನಕ್ಕೆರಡು ಹೊತ್ತು ಗೋಧಿಯನ್ನು ಅವಳ ತಟ್ಟೆಗೆ ಹಾಕಿಸಿದವನು ನಾನು.

ಸಿಲಿಯಾಕ್ ರೋಗಕ್ಕೆ ಗೋಧಿಯೇ ಕಾರಣವೆಂದು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಕಾರೆಲ್ ಡಿಕೆ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲ, 1944-45ರಲ್ಲಿ, ಅಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದಾಗ ಮತ್ತೆ ನರಳಿದರು. ಡಿಕೆ ತಮ್ಮ ಪ್ರಬಂಧವನ್ನು 1950ರಲ್ಲಿ ಮುಗಿಸಿದರು. ಔಷಧ ಇಂದಿಗೂ ಅದೇ: ಗೋಧಿ, ಬಾರ್ಲಿ, ರೈ ಧಾನ್ಯಗಳ ಗ್ಲುಟೆನ್ ಎಂಬ ಅಂಟನ್ನು ಜೀವಮಾನವಿಡೀ ಬಿಡುವುದು. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಈ ಭಾಷಣವನ್ನು ಕೇಳಿ ಯಾರೂ ನಾಳೆಯೇ ಮಗುವಿಗೆ ಗೋಧಿ ನಿಲ್ಲಿಸಬೇಡಿ. ಪರೀಕ್ಷೆಗೆ ಮುಂಚೆ ನಿಲ್ಲಿಸಿದರೆ ರಕ್ತದಲ್ಲೂ ಕರುಳಿನಲ್ಲೂ ರೋಗದ ಗುರುತು ಅಳಿಸಿಹೋಗಿ, ಇದೆಯೋ ಇಲ್ಲವೋ ತಿಳಿಯದ ಹಾಗಾಗುತ್ತದೆ.

ನಮ್ಮ ಸೀಮೆಯಲ್ಲಿ ಈ ಪಥ್ಯ ಸುಲಭವೆಂದು ತೋರಬಹುದು. ರಾಗಿ, ಅಕ್ಕಿ, ಜೋಳ, ನವಣೆ ಯಾವುದರಲ್ಲೂ ಆ ಅಂಟಿಲ್ಲ. ಮುದ್ದೆ ಮನೆಗೆ ಮರಳಿತು. ಅದರ ಗಾತ್ರಕ್ಕೆ ಸರಿಯಾಗಿ ಇನ್ಸುಲಿನ್ ಲೆಕ್ಕ ಹಾಕಿಕೊಟ್ಟೆ. ಆದರೂ ಮೂರು ತಿಂಗಳಾದ ಮೇಲೂ ಪ್ರತಿಕಾಯ ಇಳಿಯುವ ಸೂಚನೆಯಿಲ್ಲ. ಈ ಸಲ ನಾನು ಗದರಲಿಲ್ಲ, ಮನೆಗೆ ಹೋದೆ. ಆ ತಾಯಿಯೂ ನಾನೂ ಕೂತು ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ ನೋಡಿದೆವು. ಸಾರಿಗೆ ಹಾಕುವ ಇಂಗಿನ ಡಬ್ಬಿಯ ಮೇಲೆ, ಸಣ್ಣ ಅಕ್ಷರದಲ್ಲಿ, ಮೈದಾ ಎಂದು ಬರೆದಿತ್ತು. ಅಂಗಡಿಯಲ್ಲಿ ಸಿಗುವ ಇಂಗನ್ನು ಸಾಮಾನ್ಯವಾಗಿ ಯಾವುದಾದರೊಂದು ಹಿಟ್ಟಿನಲ್ಲಿ ಕಲಸಿರುತ್ತಾರೆಂಬುದನ್ನು ನಾನು ಆವರೆಗೆ ಯೋಚಿಸಿಯೇ ಇರಲಿಲ್ಲ. ಇನ್ನೊಂದು, ಹಿಟ್ಟಿನ ಗಿರಣಿ. ಹಿಂದಿನವರ ಗೋಧಿ ಬೀಸಿದ ಕಲ್ಲಿನಲ್ಲೇ ಇವರ ರಾಗಿಯೂ ಬೀಸಿ ಬರುತ್ತಿತ್ತು. ಗಿರಣಿಯವನು ಒಳ್ಳೆಯವನು, ಸೋಮವಾರ ಬೆಳಿಗ್ಗೆ ಕಲ್ಲು ಬಿಚ್ಚಿ ಒರೆಸಿದ ಮೇಲೆ ಮೊದಲ ಸರದಿ ಇವರದೆಂದು ಒಪ್ಪಿಕೊಂಡ. ಯುಗಾದಿಗೆ ಒಬ್ಬಟ್ಟಿನ ಬದಲು ಆ ಮನೆಯಲ್ಲಿ ಅಕ್ಕಿಹಿಟ್ಟಿನ ಕಡುಬಾಯಿತು. ದೇವಸ್ಥಾನದಲ್ಲಿ ಕೊಟ್ಟ ರವೆಯ ಸಜ್ಜಿಗೆಯನ್ನು ಕಣ್ಣಿಗೊತ್ತಿಕೊಂಡು ತಮ್ಮನ ಕೈಗೆ ಕೊಡುವುದನ್ನು ಹುಡುಗಿ ಕಲಿತಳು.

ಅವತ್ತು ಮನೆಯಲ್ಲಿ ಅಜ್ಜಿಯೂ ಇದ್ದರು, ತಾಯಿಯ ತಾಯಿ. ಹೊರಡುವಾಗ ಬಾಗಿಲ ಬಳಿ ನಿಲ್ಲಿಸಿ, “ಸೋಮಿ, ಒಂದು ಮಾತು” ಎಂದು ಸೆರಗನ್ನು ತುಸು ಸರಿಸಿ ತೋಳನ್ನು ತೋರಿಸಿದರು. ತೊನ್ನು. ಮದುವೆಯಾದಂದಿನಿಂದ ರವಿಕೆಯ ತೋಳು ಉದ್ದಮಾಡಿಸಿ ಮುಚ್ಚಿಕೊಂಡು ಬಂದಿದ್ದರು. ಅವರ ತಂಗಿಗೂ ಇತ್ತಂತೆ. ಮುಖದ ಮೇಲಿದ್ದುದರಿಂದ ಆಕೆಗೆ ಮದುವೆಯೇ ಆಗಲಿಲ್ಲ. “ನನ್ನಿಂದ ಬಂತಾ ಮಗೀಗೆ?” ಎಂದು ಕೇಳಿದರು. ಮನೆಯಲ್ಲಿ ಯಾರಿಗಾದರೂ ಇಂಥ ಕಾಯಿಲೆ ಉಂಟೇ ಎಂದು ಮೊದಲ ದಿನವೇ ನಾನು ಕೇಳಿದ್ದೆ, ಇಲ್ಲವೆಂದಿದ್ದರು. ತೊನ್ನೂ ಈ ಗುಂಪಿನದೇ, ಚರ್ಮದ ಬಣ್ಣದ ಕಣಗಳ ಮೇಲೆ ಕಾವಲುಪಡೆ ತಿರುಗಿಬಿದ್ದಾಗ ಬರುವ ಕಾಯಿಲೆ. ಅದು ಅಂಟುವುದಿಲ್ಲ, ಕುಷ್ಠಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ನಮ್ಮ ಸಮಾಜ ಅದನ್ನು ಮುಚ್ಚಿಡುವಂತೆ ಮಾಡಿದೆ. ಮುಚ್ಚಿಟ್ಟ ಸುದ್ದಿ ವೈದ್ಯನ ಕಿವಿಗೂ ಬೀಳದೆ ಹೋಗುತ್ತದೆ.

ಅಜ್ಜಿಗೆ ನಾನು ಅವಳಿ ಮಕ್ಕಳ ಕತೆ ಹೇಳಿದೆ. ಮುಂದೆ ಬೆಂಗಳೂರಿನಲ್ಲಿ ಸಕ್ಕರೆ ಕಾಯಿಲೆಯ ವೈದ್ಯರಾಗಿ ನೆಲೆಸಿದ ಡಾ. ಶ್ರೀಕಾಂತ ಅವರು ಅಮೆರಿಕದ ಬಾಸ್ಟನ್ನಿನಲ್ಲಿ ಜಾರ್ಜ್ ಐಸೆನ್‌ಬಾರ್ತ್ ಮೊದಲಾದವರ ಜೊತೆ ಸೇರಿ, ಒಂದೇ ಅಂಡದಿಂದ ಹುಟ್ಟಿದ ಅವಳಿ, ತ್ರಿವಳಿಗಳನ್ನು ಕುರಿತು 1983ರಲ್ಲಿ ಒಂದು ಲೇಖನ ಪ್ರಕಟಿಸಿದರು. ಒಬ್ಬರಿಗೆ ಸಕ್ಕರೆ ಕಾಯಿಲೆ ಬಂದು ಇನ್ನೊಬ್ಬರಿಗೆ ಬಾರದಿದ್ದ ಜೋಡಿಗಳು ಅವು. ಆರೋಗ್ಯವಾಗಿದ್ದ ಒಡಹುಟ್ಟಿದವರಲ್ಲಿ ಮುಂದೆ ಕಾಯಿಲೆ ಬಿದ್ದವರ ರಕ್ತದಲ್ಲಿ, ಕಾಯಿಲೆ ಕಾಣಿಸುವುದಕ್ಕೆ ವರ್ಷಗಳ ಮೊದಲೇ ಪ್ರತಿಕಾಯಗಳು ಬಂದಿದ್ದವು. ಇದ್ದಕ್ಕಿದ್ದಂತೆ ಬಂದೆರಗಿತೆಂದು ನಾವು ತಿಳಿಯುವ ರೋಗ ಒಳಗೆ ಮೆಲ್ಲಗೆ, ವರ್ಷಾನುಗಟ್ಟಲೆ ನಡೆಯುತ್ತಿರುತ್ತದೆ. ಇನ್ನೊಂದು ಮಾತೂ ಅಂಥ ಜೋಡಿಗಳಿಂದ ತಿಳಿಯುತ್ತದೆ: ಜೀನುಗಳೆಲ್ಲ ಒಂದೇ ಆಗಿದ್ದರೂ ಇಬ್ಬರಿಗೂ ಬಂದೇ ತೀರಬೇಕೆಂದಿಲ್ಲ. “ನಿಮ್ಮಿಂದ ಬಂತು ಅಂತ ಹೇಳೋ ಹಾಗಿಲ್ಲ ಅಜ್ಜಿ” ಎಂದೆ. ಅವರು ನಂಬಿದರೋ ಇಲ್ಲವೋ ಕಾಣೆ.

ವರ್ಷಗಳ ಹಿಂದೆಯೇ ಒಳಗೆ ನಡೆಯುತ್ತಿರುವುದನ್ನು ಲಕ್ಷಣ ಕಾಣುವವರೆಗೆ ಕಾಯುವುದೇಕೆ? ಒಂದನೆಯ ಬಗೆಯ ಸಕ್ಕರೆ ಕಾಯಿಲೆಯಿರುವ ಮಗುವಿಗೆ ಥೈರಾಯಿಡ್ ಪರೀಕ್ಷೆಯನ್ನು ರೋಗ ತಿಳಿದಾಗ ಒಮ್ಮೆ, ಆಮೇಲೆ ಎರಡು ವರ್ಷಕ್ಕೊಮ್ಮೆ ಮಾಡಿಸಬೇಕು. ಸಿಲಿಯಾಕ್ ಪರೀಕ್ಷೆಯನ್ನು ರೋಗ ತಿಳಿದಾಗ, ಎರಡನೆಯ ವರ್ಷ, ಐದನೆಯ ವರ್ಷ. ಎತ್ತರವನ್ನು ಪ್ರತಿ ಭೇಟಿಯಲ್ಲೂ ಅಳೆಯಬೇಕು. ಅದಕ್ಕೆ ಗೋಡೆಯೂ ಒಂದು ಟೇಪೂ ಸಾಕು. ಮಗುವಿನ ಮೈ ಕಾರಣವಿಲ್ಲದೆ ಕಪ್ಪಾಗುತ್ತಿದ್ದರೆ, ಬರೀ ಉಪ್ಪನ್ನು ನೆಕ್ಕುತ್ತಿದ್ದರೆ, ಇನ್ಸುಲಿನ್ ಬೇಡಿಕೆ ತಾನಾಗಿ ಇಳಿಯುತ್ತಿದ್ದರೆ ಅಡ್ರಿನಲ್ ನೋಡಬೇಕು. ಇವೆಲ್ಲ ವೈದ್ಯರಿಗೆ ಗೊತ್ತಿರುವ ಮಾತುಗಳೇ. ನನಗೂ ಗೊತ್ತಿದ್ದವು. ಮೊದಲನೆಯ ಕಾಯಿಲೆ ಎಲ್ಲಕ್ಕೂ ಉತ್ತರ ಕೊಡುವಷ್ಟು ದೊಡ್ಡದಾಗಿದ್ದುದರಿಂದ ಅದರ ಬೆನ್ನ ಹಿಂದೆ ನಾನು ನೋಡಲಿಲ್ಲ. ಆದ್ದರಿಂದ ತಂದೆತಾಯಿಯರೂ ಕೇಳಲಿ: “ಡಾಕ್ಟ್ರೇ, ಇದರ ಜೊತೆಗೆ ಬರೋ ಬೇರೆಯವನ್ನು ನೋಡಿದ್ರಾ?” ಎಂದು. ಕೇಳಿದರೆ ಕೋಪಿಸಿಕೊಳ್ಳುವ ವೈದ್ಯನಿದ್ದರೆ ಇರಲಿ.

ಲಂಗದ ಅಂಚನ್ನು ಆಕೆ ಮರುವರ್ಷ ಬಿಚ್ಚಿದಳು. ಗದರಿದ್ದಕ್ಕೆ ನಾನು ಕ್ಷಮೆ ಕೇಳಿದಾಗ, “ಹೋಗ್ಲಿ ಬಿಡಿ ಸಾರ್” ಎಂದು ಮಾತು ತೇಲಿಸಿ, ಬೇರೆಯದನ್ನು ಕೇಳಿದಳು: “ಇನ್ನೂ ಒಂದು ಬರುತ್ತಾ? ಚಿಕ್ಕವನಿಗೂ ಬರುತ್ತಾ?” ಹೇಳಲಾರೆ ಎಂದೆ. ಚಿಕ್ಕವನ ರಕ್ತವನ್ನು ಆ ದಿನವೇ ತೆಗೆಸಿದೆ; ಏನೂ ಇರಲಿಲ್ಲ. ಹುಡುಗಿಯ ನೂರು ಪುಟದ ಪುಸ್ತಕದ ಕೊನೆಯ ಹಾಳೆಯಲ್ಲಿ ಥೈರಾಯಿಡ್, ಅಡ್ರಿನಲ್, ಸಿಲಿಯಾಕ್ ಎಂದು ಮೂರು ಸಾಲು ಎಳೆದು, ಮುಂದಿನ ಪರೀಕ್ಷೆಗಳ ತಿಂಗಳನ್ನು ಒಂದೊಂದರ ಮುಂದೆಯೂ ಬರೆದುಕೊಟ್ಟೆ. ಅವಳು ಅದನ್ನು ಓದಿ ನೋಡಿ, ಕೆಳಗೆ ತಾನೇ ಇನ್ನೊಂದು ಸಾಲು ಸೇರಿಸಿದಳು: ಎತ್ತರ, ತಿಂಗಳಿಗೊಮ್ಮೆ.